ಎಲೆಯ ಮೇಲೆ ಬಾರದ ಬೋಟಿ

ಮುಂಬಯಿಯಲ್ಲಿ ಕನ್ನಡಿಗರ ಊಟವೆಂದರೆ ಮಾಟುಂಗ ನೆನಪಾಗುತ್ತದೆ. 1942ರಲ್ಲಿ ಆರಂಭವಾದ ರಾಮ ನಾಯಕರ ಉಡುಪಿ ಭೋಜನಗೃಹದಂಥವು ಬಾಳೆಲೆ, ಸಾರು, ಪಲ್ಯಗಳ ಮೂಲಕ ಈ ಮಹಾನಗರಕ್ಕೆ ನಮ್ಮನ್ನು ಪರಿಚಯಿಸಿದವು. ಆ ಪರಂಪರೆಯ ಬಗ್ಗೆ ನಮಗೆ ಅಭಿಮಾನವಿದೆ. ಆದರೆ ಆ ಒಂದು ಎಲೆಯನ್ನೇ ಇಡೀ ಕನ್ನಡನಾಡಿನ ಊಟವೆಂದು ಹೇಳಿಕೊಳ್ಳುತ್ತ ಬಂದಿದ್ದೇವೆ. ಹಳೆ ಮೈಸೂರಿನ ಬೋಟಿ ಗೊಜ್ಜು, ತಲೆಮಾಂಸ, ಕಾಲುಸೂಪು, ಹುರಿದ ರಕ್ತ, ಮಂಗಳೂರು ಕ್ರೈಸ್ತರು ಹಂದಿಯ ಈಲಿ ಸೇರಿಸಿ ಮಾಡುವ ಸೊರ್ಪೊಟೆಲ್ ಇವು ನಮ್ಮ ಸಾಹಿತ್ಯಗೋಷ್ಠಿಗಳಲ್ಲಿ ಸುಳಿಯುವುದು ಅಪರೂಪ.

ಇಂಗ್ಲಿಷ್ ಸಾಹಿತ್ಯದ ವಿಷಯದಲ್ಲಿ ನಮಗೆ ಈ ಮಡಿವಂತಿಕೆಯಿಲ್ಲ. ಸ್ಕಾಟ್ಲೆಂಡಿನ ಹ್ಯಾಗಿಸ್ ಎಂದರೆ ಕುರಿಯ ಗುಂಡಿಗೆ, ಈಲಿ, ಶ್ವಾಸಕೋಶಗಳನ್ನು ಓಟ್ಸ್‌ನೊಡನೆ ಕಲಸಿ ಜಠರದ ಚೀಲದಲ್ಲಿ ಬೇಯಿಸಿದ ಅಡುಗೆ. ರಾಬರ್ಟ್ ಬರ್ನ್ಸ್ 1786ರಲ್ಲಿ ಅದನ್ನು ಹಾಡಿ ಹೊಗಳಿದ. ಇಂದಿಗೂ ಅವನ ಹುಟ್ಟುಹಬ್ಬವಾದ ಜನವರಿ 25ರಂದು ಆ ಕವಿತೆಯನ್ನು ಓದಿಯೇ ಹ್ಯಾಗಿಸನ್ನು ಕೊಯ್ಯುತ್ತಾರೆ. ಜೇಮ್ಸ್ ಜಾಯ್ಸನ ‘ಯುಲಿಸಿಸ್’ನಲ್ಲಿ ಬ್ಲೂಮ್ ಹಂದಿಯ ಮೂತ್ರಪಿಂಡ ಹುರಿದು ತಿನ್ನುವುದನ್ನು ಮುಖ ಸಿಂಡರಿಸದೆ ಓದುತ್ತೇವೆ. ಬೋಟಿಯ ಹೆಸರೆತ್ತಿದರೆ ಮಾತ್ರ ದನಿ ತಗ್ಗಿಸುತ್ತೇವೆ. ಈ ಅಸಹ್ಯ ನಾಲಗೆಯದಲ್ಲ, ಜಾತಿಯದು.

ಒಳ್ಳೆಯ ತುಂಡುಗಳು ಉಳ್ಳವರ ಪಾಲಾದಾಗ ಉಳಿದುದನ್ನು ರುಚಿಯಾಗಿಸಿದವರ ವಿದ್ಯೆ ಸಣ್ಣದಲ್ಲ. ಬೋಟಿಯನ್ನು ಸೀಳಿ, ಬಿಸಿನೀರಿನಲ್ಲಿ ಹಲವು ಬಾರಿ ತೊಳೆದು, ಅರಿಸಿನ ಹಾಕಿ ಬೇಯಿಸಿ, ಆಮೇಲೆ ಮಸಾಲೆಗೆ ಕೂಡಿಸುವ ತಾಳ್ಮೆ ಬೇಕು. ಮರಾಠಿಯಲ್ಲಿ ಶಾಹು ಪಾಟೋಳೆಯವರು ಮರಾಠವಾಡದ ದಲಿತರ ಇಂಥ ಅಡುಗೆಯನ್ನು 2015ರ ‘ಅನ್ನ ಹೇ ಅಪೂರ್ಣಬ್ರಹ್ಮ’ದಲ್ಲಿ ದಾಖಲಿಸಿದರು, 2024ರಲ್ಲಿ ಅದು ಇಂಗ್ಲಿಷಿಗೂ ಬಂತು. ಅನ್ನವೇ ಪೂರ್ಣಬ್ರಹ್ಮವೆಂಬ ನಂಬಿಕೆಗೆ ಆ ಶೀರ್ಷಿಕೆಯೇ ಉತ್ತರ.

ಎಲ್ಲರೂ ಇದನ್ನು ತಿನ್ನಬೇಕೆಂಬುದು ನಮ್ಮ ವಾದವಲ್ಲ. ಸಸ್ಯಾಹಾರ ಅವರವರ ಆಯ್ಕೆ. ಈಲಿಯಲ್ಲಿ ಕಬ್ಬಿಣಾಂಶ, ಬಿ12 ಹೇರಳ, ನಿಜ. ಆದರೆ ಯೂರಿಕ್ ಆಮ್ಲದ ತೊಂದರೆಯುಳ್ಳವರಿಗೆ ಅದು ಒಗ್ಗದು, ‘ಎ’ ಜೀವಸತ್ವ ಅತಿಯಾಗಿರುವುದರಿಂದ ಗರ್ಭಿಣಿಯರಿಗೂ ತರವಲ್ಲ. ತಿನ್ನದಿರುವುದು ಬೇರೆ, ತಿನ್ನುವವರನ್ನು ಕೀಳಾಗಿ ಕಾಣುವುದು ಬೇರೆ.

ಮಾಟುಂಗದಿಂದ ಕೆಲವೇ ಮೈಲಿ ದೂರದ ಮೊಹಮ್ಮದ್ ಅಲಿ ರಸ್ತೆಯಲ್ಲಿ ಖೀರಿ, ಗುರ್ದಾ, ಕಲೇಜಿ ಕೆಂಡದ ಮೇಲೆ ಎಲ್ಲರೆದುರೇ ಬೇಯುತ್ತವೆ. ನಮ್ಮ ಬೋಟಿಯೂ ಹೀಗೆ ಬೆಳಕಿಗೆ ಬರಲಿ. ಹೊರನಾಡ ಕನ್ನಡ ಸಂಘಗಳು ಆಹಾರದ ಬಗ್ಗೆ ಪುಸ್ತಕ, ಸಂಚಿಕೆ ತರುವಾಗ ಅದನ್ನು ಮಾಡಬಲ್ಲ ತಾಯಂದಿರನ್ನೇ ಕೇಳಿ, ಅವರ ಮಾತಿನಲ್ಲೇ, ಅವರ ಹೆಸರಿನಲ್ಲೇ ಬರೆಸಲಿ.