ಕಂಬ ಉಳಿಸಿ ಅನ್ನೋದಕ್ಕೆ ಮುಂಚೆ...

ಹೋದ ತಿಂಗಳು ಊರಿಗೆ ಹೋಗಿದ್ದಾಗ ನಮ್ಮ ಮನೆಯಲ್ಲಿ ಒಂದು ಸಣ್ಣ ಯುದ್ಧವೇ ನಡೀತು. ಕಾರಣ, ಮನೆ ತುಂಬಾ ಇರೋ ಮರ.

ಹಿರಿಯೂರು ಕಡೆಯವರಿಗೆ ಮಾಳಿಗೆ ಮನೆ ಅಂದ್ರೆ ವಿವರಿಸಬೇಕಾಗಿಲ್ಲ. ಬೇರೆಯವರಿಗಾಗಿ ಹೇಳ್ತೀನಿ. ದಪ್ಪ ಮಣ್ಣಿನ ಗೋಡೆ, ನಡುವೆ ಮರದ ಕಂಬ, ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಸಾಲಾಗಿ ಜಂತೆ. ಅದರ ಮೇಲೆ ಕಟ್ಟಿಗೆ ಸೀಳು, ಬಂದರಿಕೆ ಸೊಪ್ಪು, ಕೊನೆಗೆ ಮಣ್ಣು. ಮೇಲಿನ ಪದರಕ್ಕೆ ಕರಲು ಮಣ್ಣೇ ಆಗಬೇಕು. ಅದರಲ್ಲಿ ಸೋಡಿಯಂ ಜಾಸ್ತಿ, ಒದ್ದೆಯಾದ ತಕ್ಷಣ ಅಂಟಾಗಿ ಸಂದುಗಳನ್ನ ಮುಚ್ಚಿಬಿಡುತ್ತೆ, ನೀರು ಕೆಳಗೆ ಇಳಿಯಲ್ಲ. ಯಾವ ಬೆಳೆಯೂ ಸರಿಯಾಗಿ ಬಾರದ ಮಣ್ಣನ್ನ ಹಿರಿಯರು ತಲೆಯ ಮೇಲೆ ಹೊತ್ತುಕೊಂಡಿದ್ದು ಸುಮ್ಮನೆ ಅಲ್ಲ :)

ನಮ್ಮ ಮನೆಯ ಕಂಬಗಳು ಕಮರದವು, ಜಂತೆ ಬೇವಿನದು, ಬಾಗಿಲು ಮಾತ್ರ ತೇಗ. ಕಮರ ನೀರಿಗೆ ಹಾಕಿದರೆ ಮುಳುಗುವಷ್ಟು ಭಾರದ ಮರ. ಇಷ್ಟೆಲ್ಲಾ ಇದ್ದೂ ಯಾರೋ ಪುಣ್ಯಾತ್ಮರು ಎಲ್ಲಾ ಕಂಬಗಳಿಗೂ ಹಸಿರು ಆಯಿಲ್ ಪೇಂಟ್ ಬಳಿದಿದ್ದಾರೆ. ಯಾರು ಅಂತ ಕೇಳಿದ್ರೆ ಮನೆಯಲ್ಲಿ ಎಲ್ಲರೂ ಇನ್ನೊಬ್ಬರ ಕಡೆ ನೋಡ್ತಾರೆ.

ಈಗ ಯುದ್ಧದ ವಿಷಯ. ಚಿಕ್ಕಪ್ಪನ ವಾದ: ಎಲ್ಲಾ ಕೆಡವಿ ಆರ್‌ಸಿಸಿ ಹಾಕ್ಸೋಣ, ಕಂಬ ಮಾರಿದರೆ ಅರ್ಧ ಖರ್ಚು ಹುಟ್ಟುತ್ತೆ. ಅಮ್ಮನ ವಾದ: ಕೆಡವೋದು ಬೇಡ, ಕಂಬಕ್ಕೆ ಪ್ಲೈವುಡ್ ಸುತ್ತಿ ಬಿಳಿ ಲ್ಯಾಮಿನೇಟ್ ಅಂಟಿಸಿ, ಮೇಲೆ ಫಾಲ್ಸ್ ಸೀಲಿಂಗ್ ಹಾಕ್ಸಿ. ನನ್ನ ವಾದ ನಿಮಗೆ ಗೊತ್ತೇ ಇದೆ. ಬೆಂಗಳೂರಿನ ಎರಡು ರೂಮಿನ ಫ್ಲ್ಯಾಟಿನಲ್ಲಿ ಕೂತವರೆಲ್ಲರ ವಾದ ಅದೇ: "ಅಯ್ಯೋ, ಇಂಥಾ ಮನೆ ಇನ್ನೆಲ್ಲಿ ಸಿಗುತ್ತೆ, ಮುಟ್ಟಬೇಡಿ!"

ಅಮ್ಮ ಒಂದೇ ಮಾತಲ್ಲಿ ನನ್ನ ಬಾಯಿ ಮುಚ್ಚಿಸಿದರು. "ನೀನು ವರ್ಷಕ್ಕೆ ನಾಕು ದಿನ ಬರ್ತೀಯ ಕಣಪ್ಪ, ನಿನಗೆ ಇದು ಫೋಟೋ. ನನಗೆ ದಿನಾ ಅನ್ನದ ತಪ್ಪಲೆಗೆ ಉದುರೋ ಮಣ್ಣು."

ಉತ್ತರ ಹೊಳೀಲಿಲ್ಲ. ಹೊಳೆಯೋದೂ ಇಲ್ಲ. ಯಾಕಂದ್ರೆ ಅವರು ಹೇಳಿದ್ದು ನಿಜ. ಮಧ್ಯಾಹ್ನ ಹನ್ನೆರಡಕ್ಕೂ ಅಡುಗೆಮನೆಯಲ್ಲಿ ಲೈಟ್ ಹಾಕಬೇಕು. ಜಂತೆ ಸಂದಿನಿಂದ ಚೇಳು ಬಿದ್ದಿದ್ದೂ ಉಂಟು. ಹಳೇ ಮನೆಗಳ ಬಗ್ಗೆ ನಾವು ಬರೆಯೋ ಬರಹಗಳಲ್ಲಿ ಈ ಚೇಳು ಯಾಕೆ ಬರೋದೇ ಇಲ್ಲ?

ಆ ರಾತ್ರಿ ಒಂದು ಹಾಳೆ ತಗೊಂಡು ಅಮ್ಮನ ದೂರುಗಳನ್ನೆಲ್ಲಾ ಬರೆದೆ. ಕತ್ತಲೆ. ಮಣ್ಣು ಉದುರೋದು. ಹುಳ ಹುಪ್ಪಟೆ. ಸ್ವಿಚ್ ಮುಟ್ಟಿದರೆ ಜುಮ್ ಅನ್ನೋದು. ಬಚ್ಚಲು ಹೊರಗಿರೋದು. ಹಸಿರು ಬಣ್ಣ ನೋಡಿ ನೋಡಿ ಬೇಜಾರು. ಆಮೇಲೆ ನೋಡಿದ್ರೆ ಆ ಪಟ್ಟಿಯಲ್ಲಿ ಮರದ ತಪ್ಪು ಅನ್ನೋದು ಒಂದೂ ಇಲ್ಲ! ಎಲ್ಲಾ ದೂರುಗಳೂ ಮರದ ಆಸುಪಾಸಿನವು, ಅಷ್ಟೆ. ಎಲ್ಲೋ ಇರೋ ಬಗ್‌ಗೆ ಇನ್ನೆಲ್ಲೋ ಪ್ಯಾಚ್ ಹಾಕೋ ಕೆಲಸ ನಾನು ಆಫೀಸಲ್ಲಿ ಬೇಕಾದಷ್ಟು ಮಾಡಿದೀನಿ, ಅದಕ್ಕೇ ಬೇಗ ಗೊತ್ತಾಯ್ತು ಅನ್ಸುತ್ತೆ.

ಇದು ನಮ್ಮೊಬ್ಬರ ಕಥೆಯಲ್ಲ. ಅಮೆರಿಕದಲ್ಲಿರೋ ಗೆಳೆಯನೊಬ್ಬ ಹಳೇ ಮನೆ ತಗೊಂಡಿದಾನೆ. ಅಲ್ಲಿ 1980, 90ರ ದಶಕದ ಮನೆಗಳಲ್ಲಿ ಜೇನುಬಣ್ಣದ ಓಕ್ ಮರದ ಕಪಾಟುಗಳ ಕಾಲ ಇತ್ತಂತೆ. ಈಗ ಅದು ಹಳೇ ಫ್ಯಾಷನ್, ಎಲ್ಲರೂ ಬಿಳಿ ಬಳೀತಾರೆ. ಇವನೂ ಬಳಿದ. ಓಕ್ ಮರದ ಎಳೆಗಳು ಆಳ, ಮೊದಲು ಫಿಲ್ಲರ್ ತುಂಬಿ ಉಜ್ಜದಿದ್ದರೆ ಬಣ್ಣದ ಒಳಗಿಂದಲೂ ಗೀರು ಗೀರಾಗಿ ಇಣುಕುತ್ತೆ. ಇವನಿಗೆ ಹಾಗೇ ಆಯ್ತು. "ಕಪಾಟು ಹಾಗೇ ಬಿಟ್ಟು ಲೈಟು, ಗೋಡೆ ಬಣ್ಣ ಬದಲಾಯಿಸಿದ್ರೆ ಸಾಕಿತ್ತು ಮಾರಾಯ" ಅಂತ ಈಗ ಹೇಳ್ತಾನೆ.

ಹಾಗಂತ ಆರ್‌ಸಿಸಿಯನ್ನ ಬಯ್ಯೋಕೆ ನಾನು ಬಂದಿಲ್ಲ. ಸುಮ್ಮನೆ ಒಂದು ಲೆಕ್ಕ ಹಾಕಿದೆ. 20 ಅಡಿ ಅಗಲ, 30 ಅಡಿ ಉದ್ದದ ಮಾಳಿಗೆಯ ಮೇಲೆ 9 ಇಂಚು ಮಣ್ಣಿದ್ದರೆ ಹೆಚ್ಚುಕಡಿಮೆ 20 ಟನ್ ತೂಕ. ಅಷ್ಟೇ ಜಾಗದ 5 ಇಂಚಿನ ಕಾಂಕ್ರೀಟು 17-18 ಟನ್. ಅಂದ್ರೆ ಆ ಹಸಿರು ಕಂಬಗಳು ಇಷ್ಟು ವರ್ಷ ಹೊತ್ತಿದ್ದು ಒಂದು ಆರ್‌ಸಿಸಿ ಛಾವಣಿಗಿಂತ ಜಾಸ್ತಿ ಭಾರ! ಗಟ್ಟಿ ಇರೋತನಕ ಸರಿ. ಗೆದ್ದಲು ತಿಂದಿದ್ದರೆ ಅಷ್ಟೂ ನಮ್ಮ ತಲೆ ಮೇಲೆ. 2022ರ ಮಳೆಗಾಲ ನೆನಪಿದೆಯಲ್ಲ? 1933ರ ನಂತರ ವಾಣಿವಿಲಾಸ ಸಾಗರ ಕೋಡಿ ಬಿದ್ದ ವರ್ಷ. ಎಲ್ಲರೂ ಮಾರಿಕಣಿವೆಗೆ ನೀರು ನೋಡೋಕೆ ಹೋಗಿದ್ದಾಗ ನಮ್ಮ ಹಿಂದಿನ ಕೋಣೆಯ ಜಂತೆಗಳು ಕುಸಿದವು. ಒಳಗೆ ಯಾರೂ ಇರಲಿಲ್ಲ, ದೇವರು ದೊಡ್ಡವನು. ಆ ಕೋಣೆಗೆ ಆರ್‌ಸಿಸಿ ಹಾಕ್ಸಿದ್ವಿ. ಅದಕ್ಕೆ ನನಗೆ ಬೇಜಾರಿಲ್ಲ. ಕೆಟ್ಟಿದ್ದನ್ನ ತೆಗೀಲೇಬೇಕು.

ನನ್ನ ತಕರಾರು ಮುಚ್ಚೋದರ ಬಗ್ಗೆ. ಕಂಬಕ್ಕೆ ಪ್ಲೈವುಡ್ ಸುತ್ತಿದರೆ ಗೆದ್ದಲಿನ ಮಣ್ಣಿನ ಗೆರೆ ಕಾಣೋದೇ ಇಲ್ಲ. ಫಾಲ್ಸ್ ಸೀಲಿಂಗ್ ಹಾಕಿದರೆ ಮಾಳಿಗೆ ಸೋರಿದ್ದು ಗೊತ್ತಾಗೋ ಹೊತ್ತಿಗೆ ಜಂತೆ ಕೊಳೆತಿರುತ್ತೆ. ಹಳೇ ನೆಲದ ಮೇಲೇ ಟೈಲ್ಸ್ ಹಾಕ್ಸಿ ನೆಲ ಎತ್ತರ ಮಾಡಿದರೆ ಕಂಬದ ಬುಡದ ಕಲ್ಲು ಹೂತುಹೋಗುತ್ತೆ, ಗೆದ್ದಲಿಗೆ ನೇರ ದಾರಿ. ಮಣ್ಣಿನ ಗೋಡೆಗೆ ಸಿಮೆಂಟ್ ಗಾರೆ ಬಳಿದರೆ ತೇವ ಹೊರಗೆ ಹೋಗದೆ ಗೋಡೆ ಒಳಗೊಳಗೇ ಸಡಿಲ ಆಗುತ್ತೆ. ಅಲ್ಲಿಗೆ ಸುಣ್ಣದ ಗಾರೆಯೇ ಸರಿ. ಚಂದ ಮಾಡೋಕೆ ಹೋಗಿ ಕಾಯಿಲೆಯನ್ನ ಮುಚ್ಚಿಟ್ಟಂತೆ ಆಗುತ್ತಲ್ಲ?

ಆಚಾರ್ರನ್ನ ಕರೆಸಿ ಮಾತಾಡಿದ್ವಿ. ಮೊದಲ ಕೆಲಸ ಅಮ್ಮನ ಅಡುಗೆಮನೆ. ಅಲ್ಲಿನ ಗವಾಕ್ಷಿ ದೊಡ್ಡದು ಮಾಡಿ, ಸುತ್ತ ಕಟ್ಟೆ ಎತ್ತಿ ಗಾಜು ಕೂರಿಸೋದು. ಮಣ್ಣು ಉದುರೋದಕ್ಕೆ ಜಂತೆ ಜಂತೆ ನಡುವೆ ತೆಳು ಹಲಗೆ, ಮೊಳೆ ಅಲ್ಲ, ಸ್ಕ್ರೂ. ಬೇಕಾದಾಗ ಬಿಚ್ಚಿ ನೋಡಬಹುದು. ವೈರಿಂಗ್ ಪೂರ್ತಿ ಹೊಸದು, ಅರ್ತಿಂಗ್ ಸಮೇತ. ಬಚ್ಚಲು ಹಿಂದಿನ ಆರ್‌ಸಿಸಿ ಕೋಣೆಗೆ. ಗೋಡೆಗೆ ಬಿಳಿ ಸುಣ್ಣ.

ಕೊನೆಗೆ ಹಸಿರು ಪೇಂಟ್ ತೆಗೆಯೋದು. ಇಲ್ಲೊಂದು ಎಚ್ಚರಿಕೆ, ನಿಮಗೂ ಬೇಕಾಗಬಹುದು. ಹಳೇ ಆಯಿಲ್ ಪೇಂಟಿನಲ್ಲಿ ಸೀಸ ಇರುತ್ತೆ. ನಮ್ಮ ದೇಶದಲ್ಲಿ ಮನೆ ಬಣ್ಣಗಳಲ್ಲಿ ಸೀಸ 90 ಪಿಪಿಎಂ ದಾಟಬಾರದು ಅನ್ನೋ ನಿಯಮ ಜಾರಿಗೆ ಬಂದಿದ್ದೇ 2017ರಲ್ಲಿ. ಒಣಗಿದ್ದನ್ನ ಹಾಗೇ ಉಜ್ಜಿದರೆ ಆ ಧೂಳು ಮಕ್ಕಳ ಹೊಟ್ಟೆಗೆ. ಪೇಂಟ್ ರಿಮೂವರ್ ಹಚ್ಚಿ, ಒದ್ದೆ ಮಾಡಿಕೊಂಡೇ ಹೆರೆಯಬೇಕು, ಮಾಸ್ಕ್ ಹಾಕ್ಕೊಂಡು.

ಚಿಕ್ಕಪ್ಪ ಇನ್ನೂ ಒಪ್ಪಿಲ್ಲ. ಅವರಿಗೆ ನಾನು ಹೇಳಿದ್ದು ಇಷ್ಟೇ. "ದುರ್ಗದ ಕೋಟೆ ಮೇಲೆ ಅರಮನೆ ನೋಡಿದೀರಲ್ಲ ಚಿಕ್ಕಪ್ಪ? 1779ರಲ್ಲಿ ಹೈದರಾಲಿ ಕೋಟೆ ಹಿಡಿದಿದ್ದು. ಮಣ್ಣಿನ ಗೋಡೆ ಇವತ್ತಿಗೂ ನಿಂತಿದೆ. ಮರ ಇಲ್ಲ, ಅದಕ್ಕೇ ಅದು ಮನೆ ಅಲ್ಲ." ಅವರು ನಕ್ಕು, "ಅರಮನೆಗೆ ನಿಮ್ಮಮ್ಮನಂಥ ಯಜಮಾನಿ ಇರ್ಲಿಲ್ಲ ಬಿಡು" ಅಂದ್ರು.

ಅಮ್ಮ ಮಾತ್ರ ಒಂದು ಷರತ್ತು ಹಾಕಿದಾರೆ. ಒಂದೇ ಒಂದು ಕಂಬ ಹೆರೆದು ತೋರ್ಸು, ಚಂದ ಕಂಡ್ರೆ ಉಳಿದಿದ್ದು, ಇಲ್ಲಾಂದ್ರೆ ಬಿಳಿ ಲ್ಯಾಮಿನೇಟೇ. ನ್ಯಾಯವಾದ ಮಾತು. ಆ ಮನೆಯಲ್ಲಿ ಬದುಕೋದು ಅವರು. ಉಳಿಸಿ ಅನ್ನೋ ಹಕ್ಕು ನಮಗೆ ಬರಬೇಕಾದ್ರೆ ಅವರ ತಪ್ಪಲೆಗೆ ಮಣ್ಣು ಬೀಳೋದನ್ನ ಮೊದಲು ನಿಲ್ಲಿಸಬೇಕು. ಅದು ಮಾಡದೆ ಬರೀ ಫೋಟೋ ಹಾಕಿ ಕೊರಗೋದು ಬೇಡ ಅಂತ ನನಗೆ ನಾನೇ ಹೇಳ್ಕೊಂಡಿದೀನಿ.

ಮುಂದಿನ ಶನಿವಾರ ಊರಿಗೆ ಹೊರಟಿದೀನಿ, ಪೇಂಟ್ ರಿಮೂವರ್ ಡಬ್ಬ ಬ್ಯಾಗಲ್ಲಿದೆ. ಹೊಸದುರ್ಗ, ಹೊಳಲ್ಕೆರೆ ಕಡೆಯವರು ಯಾರಾದ್ರೂ ಕಂಬ ಹೆರೆಸಿದ್ರೆ ಅನುಭವ ಹೇಳಿ. ಹೆರೆದ ಮೇಲೆ ಏನು ಹಚ್ಚಿದ್ರಿ? ಅಗಸೆ ಎಣ್ಣೆನೋ, ವಾರ್ನಿಷ್ಷೋ?