ದಿಮ್ಮಿ ಎಳೆಯುವ ವಿಂಚಿನಲ್ಲಿ ಆಳನ್ನು ಎತ್ತುವ ಮುನ್ನ

ಮರಗಸಿಯ ಕಾಲ ಹತ್ತಿರ ಬಂತೆಂದರೆ ಸಂಘದ ಕಚೇರಿಗೆ ಬರುವ ಸದಸ್ಯರೆಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: "ಮರ ಹತ್ತುವವರು ಯಾರಾದರೂ ಸಿಗುತ್ತಾರೆಯೇ?" ಹಳಬರಿಗೆ ವಯಸ್ಸಾಯಿತು. ಅವರ ಮಕ್ಕಳು ಬೆಂಗಳೂರು ಸೇರಿದರು. ಉಳಿದ ನಾಲ್ಕಾರು ಮಂದಿಯನ್ನು ಹತ್ತಾರು ತೋಟದವರು ಹಂಚಿಕೊಳ್ಳಬೇಕಾಗಿದೆ. ಈ ಒತ್ತಡದಲ್ಲಿ ಕೆಲವು ಮಿತ್ರರು ಈಚೆಗೆ ಹೊಸ ದಾರಿ ಹಿಡಿದಿದ್ದಾರೆ. ದಿಮ್ಮಿ ಎಳೆಯಲು ತಂದ ವಿಂಚಿನ ಹಗ್ಗವನ್ನು ಮರದ ಕವಲಿನ ಮೇಲೆ ಹಾಯಿಸಿ, ಅದರ ತುದಿಗೆ ಆಳನ್ನು ಕಟ್ಟಿ ಮೇಲಕ್ಕೆ ಎತ್ತಿಸುತ್ತಿದ್ದಾರೆ. ಇದು ಸರಿಯೇ ಎಂದು ಹಲವರು ನಮ್ಮನ್ನು ಕೇಳಿದ್ದಾರೆ.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ವಿಂಚಿನಿಂದ ಆಳನ್ನು ಎತ್ತಬಹುದು. ಆದರೆ ಆತನ ಪ್ರಾಣ ಆ ವಿಂಚನ್ನೇ ನೆಚ್ಚಿಕೊಂಡಿರಬಾರದು.

ಇದು ಬರೀ ಉಪದೇಶವಲ್ಲ. ಎರಡು ವರ್ಷದ ಹಿಂದೆ ನಮ್ಮ ತೋಟದಲ್ಲಿಯೇ ಜೀಪಿನ ವಿಂಚಿನಿಂದ ಒಬ್ಬರನ್ನು ಎತ್ತಿಸಿದೆವು. ಇಪ್ಪತ್ತು ಅಡಿ ಏರುವಾಗ ಹಳೆಯ ಕೊಂಬೆಯ ಮೋಟೊಂದು ಅವರ ಸೊಂಟದ ಪಟ್ಟಿಗೆ ಸಿಕ್ಕಿಕೊಂಡಿತು. ಅವರು ಕೂಗಿದರು. ಇಂಜಿನ್ನಿನ ಸದ್ದಿನಲ್ಲಿ ಕೂಗು ಕೇಳಲಿಲ್ಲ. ಗುಂಡಿ ಒತ್ತುತ್ತಿದ್ದ ಹುಡುಗ ಹಗ್ಗ ಸುತ್ತುವುದನ್ನು ನೋಡುತ್ತಿದ್ದನೇ ಹೊರತು ಮೇಲೆ ನೋಡುತ್ತಿರಲಿಲ್ಲ. ಪಕ್ಕದಲ್ಲಿದ್ದ ಹೆಣ್ಣಾಳೊಬ್ಬರು ಓಡಿ ಬಂದು ಅವನ ಕೈ ಹಿಡಿದೆಳೆದರು. ಮೇಲಿದ್ದವರ ಪಕ್ಕೆಲುಬು ಬಿರುಕು ಬಿಟ್ಟು, ಎರಡು ತಿಂಗಳು ಕೆಲಸವಿಲ್ಲದೆ ಮಲಗಿದರು. ಮೂವತ್ತು ವರ್ಷ ತಮ್ಮ ಕೈಕಾಲು ನಂಬಿ ಹತ್ತಿದಾಗ ಆಗದ ಪೆಟ್ಟು, ನಮ್ಮ ಯಂತ್ರವನ್ನು ನಂಬಿದ ದಿನ ಆಯಿತು. ತಪ್ಪು ನಮ್ಮದು. ಚಿಕಿತ್ಸೆಯ ಖರ್ಚನ್ನೂ ಆ ದಿನಗಳ ಕೂಲಿಯನ್ನೂ ಕೊಟ್ಟೆವು. ಅದರಿಂದ ತಪ್ಪು ಅಳಿಸಲಿಲ್ಲ.

ಇದರ ಕಾರಣ ಸರಳ. ನಾಲ್ವರು ಹಗ್ಗ ಹಿಡಿದು ಎಳೆಯುವಾಗ ಮೇಲೆ ಏನಾದರೂ ತಡೆದರೆ ಕೈಗೆ ಕೂಡಲೇ ಗೊತ್ತಾಗುತ್ತದೆ. ವಿಂಚಿಗೆ ಆ ಸ್ಪರ್ಶವಿಲ್ಲ. ಬಲವನ್ನು 40 ಪಟ್ಟು ಹೆಚ್ಚಿಸುವ ಕೈ ವಿಂಚಿನ ಹಿಡಿಯ ಮೇಲೆ 15 ಕಿಲೋ ಒತ್ತಿದರೆ, ತಿಕ್ಕಾಟದ ನಷ್ಟ ಬಿಟ್ಟರೆ, ಹಗ್ಗದಲ್ಲಿ 600 ಕಿಲೋ ಎಳೆತ. ತಿರುಗಿಸುವವನಿಗೆ ಅದು ಬರೀ ಸ್ವಲ್ಪ ಬಿಗಿ. ಮೇಲೆ ಸಿಕ್ಕಿಕೊಂಡವನಿಗೆ ಎಲುಬು ಮುರಿಯುವ ಬಲ.

ಎರಡನೆಯದು ಕವಲಿನ ಲೆಕ್ಕ. 70 ಕಿಲೋ ತೂಕದ ಆಳನ್ನು ರಾಟೆಯ ಮೂಲಕ ಎತ್ತಿದರೆ ಕವಲಿನ ಮೇಲೆ ಬೀಳುವ ಭಾರ 70 ಅಲ್ಲ, 140. ಹಗ್ಗದ ಒಂದು ಬದಿಗೆ ಆಳು, ಇನ್ನೊಂದು ಬದಿಗೆ ಅಷ್ಟೇ ಬಲದ ಎಳೆತ. ಹಗ್ಗ ಸಿಕ್ಕಿಕೊಂಡರೆ ಈ ಭಾರ ಎಷ್ಟಕ್ಕೆ ಏರುವುದೋ ಊಹಿಸಿಕೊಳ್ಳಿ. ಸಿಲ್ವರ್ ಓಕಿನ ಕೊಂಬೆ ಬೇಗ ಸೀಳುವ ಜಾತಿ. ಹಾಲುವಾಣದ ಮರ ಮೆದು. ಇವುಗಳ ಪಕ್ಕದ ಕೊಂಬೆಗೆ ಮನುಷ್ಯನನ್ನು ತೂಗುಹಾಕುವುದು ಸಲ್ಲದು.

ಅಮೆರಿಕದ ಮರಗೆಲಸದವರು ಹಾಯಿದೋಣಿಯ ವಿಂಚನ್ನು ಮರದ ಬುಡಕ್ಕೆ ಬಿಗಿದು ಬಳಸುತ್ತಾರೆ. ಕಡಿದ ಕೊಂಬೆಯನ್ನು ನಿಧಾನವಾಗಿ ಇಳಿಸುವುದೇ ಅದರ ಮುಖ್ಯ ಕೆಲಸ. ಅದರಲ್ಲಿಯೇ ಆಳನ್ನು ಎತ್ತುವುದೂ ಉಂಟು. ಆದರೆ ತಿಳಿದವರು ಆಗ ಬೇರೆ ಹಗ್ಗ, ಬೇರೆ ಕ್ರಮ ಅನುಸರಿಸುತ್ತಾರೆ. ನಾವು ಯಂತ್ರವನ್ನು ತಂದೆವು, ಕ್ರಮವನ್ನು ತರಲಿಲ್ಲ. ಆ ಕ್ರಮದ ಮುಖ್ಯಾಂಶಗಳು ಹೀಗಿವೆ:

1. ಎರಡು ಹಗ್ಗ, ಎರಡು ಕವಲು. ಒಂದು ಎತ್ತುವುದಕ್ಕೆ, ಇನ್ನೊಂದು ಪ್ರಾಣಕ್ಕೆ. ಪ್ರಾಣದ ಹಗ್ಗಕ್ಕೂ ವಿಂಚಿಗೂ ಸಂಬಂಧವಿರಕೂಡದು. ಮೇಲಕ್ಕೆ ಸರಿಯುವ, ಭಾರ ಬಿದ್ದೊಡನೆ ಕಚ್ಚಿಕೊಳ್ಳುವ ಪ್ರೂಸಿಕ್ ಗಂಟಿನಿಂದ ಆಳು ಅದಕ್ಕೆ ಸದಾ ಸೇರಿಕೊಂಡಿರಬೇಕು.

2. ದಿಮ್ಮಿ ಎಳೆದ ಹಗ್ಗದಲ್ಲಿ ಮನುಷ್ಯನನ್ನು ಎತ್ತತಕ್ಕದ್ದಲ್ಲ. ಒಳಗೆ ಎಲ್ಲಿ ಎಳೆ ಹರಿದಿದೆಯೋ ಕಣ್ಣಿಗೆ ಕಾಣದು.

3. ಎತ್ತುವ ಮೊದಲು ಇಬ್ಬರು ನೆಲದ ಸಮೀಪವೇ ಹಗ್ಗಕ್ಕೆ ಜೋತುಬಿದ್ದು ಕವಲನ್ನು ಪರೀಕ್ಷಿಸಬೇಕು.

4. ಕೈಯಿಂದ ತಿರುಗಿಸುವ ವಿಂಚು ಮಾತ್ರ. ಜೀಪು, ಟ್ರ್ಯಾಕ್ಟರು, ಮೋಟಾರು ಬೇಡ. ತಿರುಗಿಸುವವನ ಕಣ್ಣು ಮೇಲಿರುವವನ ಮೇಲೆಯೇ ಇರಬೇಕು. ಕಾಣದಿದ್ದರೆ ನಡುವೆ ಒಬ್ಬ ನಿಂತು ಹೇಳಬೇಕು. "ನಿಲ್ಲಿಸು" ಎಂದು ಯಾರು ಕೂಗಿದರೂ ನಿಲ್ಲಿಸಬೇಕು.

5. ಬರೀ ಸೊಂಟದ ಪಟ್ಟಿ ಸಾಲದು. ತೊಡೆಗೂ ಹೆಗಲಿಗೂ ಬರುವ ಪಟ್ಟಿ ಬೇಕು. ಅದರಲ್ಲಿಯೂ ಅಲುಗಾಡದೆ ನೇತಾಡುವವನ ಪ್ರಾಣಕ್ಕೆ ಕೆಲವೇ ನಿಮಿಷಗಳಲ್ಲಿ ಅಪಾಯ ಬರಬಹುದು. ಆದ್ದರಿಂದ ವಿಂಚು ಕೆಟ್ಟರೂ ಆಳು ತಾನೇ ಇಳಿಯುವಂತಿರಬೇಕು. ಆತನಿಗೆ ಎಚ್ಚರ ತಪ್ಪಿದರೆ ಇಳಿಸಬಲ್ಲ ಇನ್ನೊಬ್ಬ ಸ್ಥಳದಲ್ಲಿಯೇ ಇರಬೇಕು.

6. ಮೇಲೆ ತಲುಪಿದ ಮೇಲೆ ಮೊದಲು ಮರಕ್ಕೆ ಕಟ್ಟಿಕೊಳ್ಳಬೇಕು, ಬಳಿಕವೇ ಕತ್ತಿ ಹಿಡಿಯಬೇಕು. ಬಿಗಿಯಾದ ಹಗ್ಗಕ್ಕೆ ಕತ್ತಿ ತಾಗಿದರೆ ಸಾಕು, ಕಡಿದು ಹೋಗುತ್ತದೆ.

ಅಡಿಕೆಯ ಮಾತು ಬೇರೆ. ಕವಲಿಲ್ಲದ ಆ ಸಣ್ಣ ಕಾಂಡಕ್ಕೆ ಇಂಥ ಎಳೆತ ಹಾಕುವ ಪ್ರಯೋಗ ಯಾರೂ ಮಾಡಬಾರದು. ಅಲ್ಲಿ ನೆಲದಲ್ಲಿ ನಿಂತೇ ಕೊನೆ ಇಳಿಸುವ, ಔಷಧಿ ಹೊಡೆಯುವ ಕಾರ್ಬನ್ ಫೈಬರ್ ದೋಟಿ ಈಗಾಗಲೇ ಬಂದಿದೆ. ಎತ್ತರದ ಕೆಲಸದಲ್ಲಿ ಮೇಲೆ ಹೋಗದೆ ಮುಗಿಯುವುದಾದರೆ ಅದೇ ಎಲ್ಲಕ್ಕಿಂತ ಉತ್ತಮ.

"ಇಷ್ಟೆಲ್ಲ ಮಾಡಲು ಐದೆಕರೆಯವನಿಂದ ಆಗುತ್ತದೆಯೇ?" ಎಂದು ಕೇಳುವಿರಿ. ಒಬ್ಬೊಬ್ಬರಿಂದ ಆಗದು, ನಿಜ. ಒಬ್ಬರಿಂದ ಆಗದ್ದನ್ನು ಕೂಡಿ ಮಾಡುವುದಕ್ಕೇ ಅಲ್ಲವೇ ಸಂಘ ಇರುವುದು? ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ ಯುವಕರಿಗೆ ಯಂತ್ರದ ನೆರವಿನಿಂದ ತೆಂಗಿನ ಮರ ಹತ್ತುವ ತರಬೇತಿ ಆರಂಭಿಸಿತು. ಹತ್ತುವವರಿಗೆ ಅಪಘಾತ ವಿಮೆಯ ಯೋಜನೆಯನ್ನೂ ತಂದಿತು. ನೆರಳು ಮರದ ಕೆಲಸಕ್ಕೆ ನಮ್ಮ ಮಟ್ಟದಲ್ಲಿ ಅಂಥದೊಂದು ಏರ್ಪಾಡು ಏಕಾಗಬಾರದು? ಸಂಘವೇ ಒಂದು ಜೊತೆ ಸಲಕರಣೆ ಕೊಳ್ಳಲಿ. ನಾಲ್ವರ ಒಂದು ತಂಡಕ್ಕೆ ತಿಳಿದವರಿಂದ ತರಬೇತಿ ಕೊಡಿಸಲಿ. ತಂಡ ಸರದಿಯಂತೆ ತೋಟಗಳಿಗೆ ಹೋಗಲಿ. ಬಾಡಿಗೆಯೊಡನೆ ವಿಮೆಯ ಪಾಲನ್ನೂ ತೋಟದವರೇ ಕೊಡಲಿ. ಸಲಕರಣೆ ಮಾತ್ರ ಬಾಡಿಗೆಗೆ ಬೇಕು, ತಂಡ ಬೇಡ ಎನ್ನುವವರಿಗೆ ಕೊಡುವುದೇ ಬೇಡ.

ಇದರಿಂದ ಕೂಲಿಯ ಖರ್ಚು ಕಡಿಮೆಯಾಗುವುದೆಂದು ನಾವು ಹೇಳುವುದಿಲ್ಲ, ಸ್ವಲ್ಪ ಹೆಚ್ಚಲೂಬಹುದು. ಆದರೆ ಮರದಿಂದ ಬಿದ್ದವರ ಮನೆ ಯಾವುದೆಂದು ಕೇಳಿದರೆ ನಮ್ಮ ಸೀಮೆಯ ಯಾವ ಊರಲ್ಲಿಯೂ ಬೆರಳು ತೋರಿಸುವವರಿದ್ದಾರೆ. ಆ ಮನೆಗಳ ಲೆಕ್ಕ ನಮ್ಮ ಯಾರ ಖರ್ಚಿನ ಪುಸ್ತಕದಲ್ಲಿಯೂ ಬರೆದಿಲ್ಲ. ಮುಂದಿನ ಮಹಾಸಭೆಯಲ್ಲಿ ಈ ಸಲಹೆಯನ್ನು ಮಂಡಿಸಲಿದ್ದೇವೆ. ಸದಸ್ಯರು ಯೋಚಿಸಿ ಬರಬೇಕು. ಅಲ್ಲಿಯವರೆಗೆ ಒಂದೇ ವಿನಂತಿ: ಎರಡನೆಯ ಹಗ್ಗವಿಲ್ಲದೆ ಯಾರನ್ನೂ ವಿಂಚಿನಿಂದ ಮೇಲಕ್ಕೆ ಎತ್ತಿಸಬೇಡಿ.