ನಮ್ಮ ಬಿಜಾಪುರ ಪ್ಯಾಸೆಂಜರ್ ಎಲ್ಲಿ ಹೋಯ್ತು?

ಆ ಗಾಡಿಯ ನಂಬರು 51029 ಅಂತ ನಮ್ಮ ಕಡೆಯ ಎಷ್ಟೋ ಮಂದಿಗೆ ಗೊತ್ತೇ ಇರಲಿಲ್ಲ. 'ಬಿಜಾಪುರ ಪ್ಯಾಸೆಂಜರ್' ಅಂದರೆ ಸಾಕಿತ್ತು. ಕಾಗದದ ಮೇಲೆ ಅದು 'ಫಾಸ್ಟ್ ಪ್ಯಾಸೆಂಜರ್'. ಅದರಲ್ಲಿ ಫಾಸ್ಟ್ ಏನಿತ್ತು ಅಂತ ಮಾತ್ರ ಕೇಳಬೇಡಿ!

ರಾತ್ರಿ ಮುಂಬಯಿ ವೀಟಿಯಿಂದ ಹೊರಟು ಕಲ್ಯಾಣ, ಪುಣೆ, ದೌಂಡ್, ಕುರ್ಡುವಾಡಿ, ಸೊಲ್ಲಾಪುರ, ಹೋಟಗಿ ಅಂತ ನಿಂತು ನಿಂತು ಮರುದಿನ ಬಿಜಾಪುರ ಮುಟ್ಟುತ್ತಿತ್ತು. ವಾರಕ್ಕೆ ನಾಲ್ಕು ದಿನ ನಮ್ಮೂರಿಗೆ, ಉಳಿದ ಮೂರು ದಿನ ಪಂಢರಪುರಕ್ಕೆ. ಅದರ ಜೊತೆಗೆ ಶಿರಡಿಯ ಡಬ್ಬಿಗಳೂ ಇರುತ್ತಿದ್ದವು, ದೌಂಡ್‌ನಲ್ಲಿ ಬಿಚ್ಚುತ್ತಿದ್ದರು. ತಪ್ಪು ಡಬ್ಬಿ ಹತ್ತಿ ಮಲಗಿದವರು ಬೆಳಿಗ್ಗೆ ಎದ್ದು ಕಾಣುತ್ತಿದ್ದುದು ಗೋಳಗುಮ್ಮಟವನ್ನಲ್ಲ, ಸಾಯಿಬಾಬಾನನ್ನು!

ನಾನು ಹೆಚ್ಚಾಗಿ ಜನರಲ್ ಡಬ್ಬಿಯಲ್ಲೇ ಹೋದವನು. ಕಾಲು ಚಾಚಲು ಜಾಗ ಸಿಕ್ಕಿದ್ದು ಕಡಿಮೆ. ಆದರೆ ಇಂಡಿ, ಸಿಂದಗಿ ಕಡೆಯ ಗೌಂಡಿಗಳು, ಹೆಂಗಸರು, ಮಕ್ಕಳು ಗಂಟು ಬಿಚ್ಚಿ ಭಕ್ರಿ, ಶೇಂಗಾ ಹಿಂಡಿ ಮುಂದಿಟ್ಟು, "ತಗೋರಿ ಅಣ್ಣಾರ, ಉಣ್ರಿ" ಅಂದರೆ ಮುಂಬಯಿಯಲ್ಲಿದ್ದೇನೆ ಅನ್ನುವುದೇ ಮರೆತುಹೋಗುತ್ತಿತ್ತು. ಭೀಮಾ ಸೇತುವೆ ದಾಟಿದರಂತೂ ಅರ್ಧ ಮನೆ ಸೇರಿದ ಹಾಗೆ.

2020ರ ಮಾರ್ಚ್‌ನಲ್ಲಿ ಕೊರೊನಾ ಬಂದು ದೇಶದ ಪ್ರಯಾಣಿಕ ಗಾಡಿಗಳೆಲ್ಲ ನಿಂತವು. ಆ ಜೂನ್‌ನಲ್ಲಿ ರೈಲ್ವೆ ಮಂಡಳಿ, 200 ಕಿ.ಮೀ.ಗಿಂತ ಹೆಚ್ಚು ದೂರ ಓಡುವ ಪ್ಯಾಸೆಂಜರುಗಳನ್ನು ಎಕ್ಸ್‌ಪ್ರೆಸ್ ಮಾಡಲು ವಲಯಗಳಿಗೆ ಸೂಚಿಸಿತು. ಆಮೇಲೆ ಗಾಡಿಗಳು ಒಂದೊಂದಾಗಿ ಶುರುವಾದವು. ನಮ್ಮ ಪ್ಯಾಸೆಂಜರ್ ಮಾತ್ರ ಪ್ಯಾಸೆಂಜರಾಗಿ ತಿರುಗಿ ಬರಲಿಲ್ಲ.

"ಅದಕ್ಕೇನಾತು? ಎಕ್ಸ್‌ಪ್ರೆಸ್ ಐತಲ್ಲ" ಅಂತಾರೆ ಗೆಳೆಯರು. ನಿಜ, ಗದಗ ಎಕ್ಸ್‌ಪ್ರೆಸ್ ಇದೆ, ಹೊಸಪೇಟೆವರೆಗೂ ಹೋಗುತ್ತದೆ. ನನಗೂ ಈಗ ವಯಸ್ಸಾಗಿದೆ, ಬರ್ತ್ ಸಿಕ್ಕರೆ ಸಂತೋಷವೇ. ನಿಧಾನದ ಗಾಡಿ ಹಳಿ ಹಿಡಿದು ನಿಂತರೆ ಹಿಂದಿನ ಗಾಡಿಗಳೂ ತಡವಾಗುತ್ತವೆ ಅನ್ನುವುದನ್ನೂ ಒಪ್ಪುತ್ತೇನೆ.

ಆದರೆ ಈ ಹಳಿ ಯಾಕೆ ಹುಟ್ಟಿತು ಅನ್ನುವುದನ್ನೂ ಸ್ವಲ್ಪ ನೆನೆಯೋಣ. 1876-78ರ ಭೀಕರ ಬರದಲ್ಲಿ, ಧಾತು ಸಂವತ್ಸರದ ಬರ ಅಂತಾರಲ್ಲ, ನಮ್ಮ ಸೀಮೆಗೆ ಕಾಳು ಸಾಗಿಸಲು ದಾರಿಯೇ ಇರಲಿಲ್ಲ. ಆ ಪಾಠ ಕಲಿತ ಮೇಲೆಯೇ 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು, ಅದೇ ದಶಕದಲ್ಲಿ ಹೋಟಗಿಯಿಂದ ಬಿಜಾಪುರದ ಮೇಲೆ ಗದಗಿಗೆ ಮೀಟರ್ ಗೇಜ್ ಹಳಿ ಬಿತ್ತು. ಬರಗಾಲದವರಿಗೆ ಅನ್ನ ತರಲೆಂದು ಹಾಕಿದ ಹಳಿ ಅದು. ಮುಂದೆ ಬರ ಬಿದ್ದಾಗಲೆಲ್ಲ ಅದೇ ಹಳಿಯ ಮೇಲೆ ನಮ್ಮ ಜನ ಅನ್ನ ಹುಡುಕಿಕೊಂಡು ಮುಂಬಯಿ, ಪುಣೆಗೆ ಬಂದರು. ಬ್ರಾಡ್ ಗೇಜ್ ಆಗುವವರೆಗೆ ನಡುದಾರಿಯಲ್ಲಿ ಗಂಟು ಮೂಟೆ ಇಳಿಸಿ ಗಾಡಿ ಬದಲಿಸುತ್ತಿದ್ದರು. ನೇರ ಗಾಡಿ ಬಂದಾಗ ಆದ ಖುಷಿ ಅವರಿಗೇ ಗೊತ್ತು.

ಬರಕ್ಕೆ ಊರು ಬಿಡುವವನು 60 ದಿನ ಮೊದಲೇ ರಿಸರ್ವೇಶನ್ ಮಾಡಿಸುತ್ತಾನೆಯೇ? ಊರಲ್ಲಿ ಅವ್ವ ತೀರಿಕೊಂಡಳು ಅಂತ ಸಂಜೆ ಫೋನ್ ಬಂದರೆ ರಾತ್ರಿಯೇ ಹೊರಡಬೇಕು. ಪ್ಯಾಸೆಂಜರ್ ಅಂದರೆ ನಿಧಾನದ ಗಾಡಿ ಅಷ್ಟೇ ಅಲ್ಲ, ಜೇಬಲ್ಲಿ ಇದ್ದಷ್ಟು ದುಡ್ಡಿಗೆ ಇವತ್ತೇ ಹೊರಡಬಹುದು ಅನ್ನುವ ಧೈರ್ಯ. ನಾವು ಕಳೆದುಕೊಂಡದ್ದು ಆ ಧೈರ್ಯವನ್ನು.

ದರದ ಲೆಕ್ಕ ನೋಡಿ. ಪ್ಯಾಸೆಂಜರಿನ ಕನಿಷ್ಠ ದರ 10 ರೂಪಾಯಿ, ಎಕ್ಸ್‌ಪ್ರೆಸ್ಸಿಗೆ 30. ಕೊರೊನಾ ನಂತರ ಪ್ಯಾಸೆಂಜರುಗಳಿಗೂ ಎಕ್ಸ್‌ಪ್ರೆಸ್ ದರವನ್ನೇ ಹಾಕಿದ್ದರು. 2024ರ ಫೆಬ್ರುವರಿಯಲ್ಲಿ ಹಳೇ ದರ ತಿರುಗಿ ಬಂತು. ಆದರೆ ಗಾಡಿಯೇ ಇಲ್ಲದ ಮೇಲೆ ಆ ದರ ನಮ್ಮ ಗೌಂಡಿಗೆ ಯಾವ ಉಪಯೋಗಕ್ಕೆ?

ಹಳೇ ಗಾಡಿಯೇ ಬೇಕು ಅಂತ ನನ್ನ ಹಟ ಅಲ್ಲ. ಪೂರ್ತಿ ಕಾಯ್ದಿರಿಸದ ದೂರದ ಗಾಡಿ ಓಡಿಸುವುದು ರೈಲ್ವೆಗೆ ಹೊಸದೂ ಅಲ್ಲ, 2017ರಲ್ಲೇ ಅಂತ್ಯೋದಯ ಎಕ್ಸ್‌ಪ್ರೆಸ್ ಶುರು ಮಾಡಿದೆ. ಅಂಥದೊಂದು ರಾತ್ರಿ ಗಾಡಿ, ಸಾಧಾರಣ ದರದಲ್ಲಿ, ಮುಂಬಯಿಯಿಂದ ವಿಜಯಪುರಕ್ಕೆ ವಾರಕ್ಕೆ ನಾಲ್ಕು ದಿನವಾದರೂ ಇರಲಿ. ನಮ್ಮ ಸಂಘಗಳು ರಾಜ್ಯೋತ್ಸವಕ್ಕೆ ಮಂತ್ರಿಗಳನ್ನು ಕರೆಸಿ ಶಾಲು ಹೊದಿಸುತ್ತವಲ್ಲ, ಆ ಶಾಲಿನ ಜೊತೆ ಈ ಅರ್ಜಿಯನ್ನೂ ಕೈಗೆ ಕೊಡಬಾರದೇ?

ಏನಂತೀರಿ?